ರಾಜ ಸಿಟ್ಟಾದಾಗ ಆರಿಹೋಗುತ್ತಿದ್ದ ಕಂಪ್ಯೂಟರ್

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಾನು ಯಳಂದೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮೈಸೂರಿನಲ್ಲಿದ್ದ ನನ್ನ ತಮ್ಮ ಹೊಸ ಕಂಪ್ಯೂಟರ್ ಕೊಂಡ ಮೇಲೆ ಹಳೆಯದನ್ನು ನಮಗೆ ತಂದುಕೊಟ್ಟ. ನಡುಮನೆಯ ಮರದ ಮೇಜಿನ ಮೇಲೆ ಟಿ.ವಿ.ಯಂಥ ಪರದೆ, ಅದರ ಪಕ್ಕಕ್ಕೆ ಸಿ.ಪಿ.ಯು. ಎನ್ನುವ ಡಬ್ಬ, ಮುಂದೆ ಕೀಬೋರ್ಡು ಕೂತವು. ಮೇಜಿನ ಒಂದು ಕಾಲು ಮೊದಲಿನಿಂದಲೂ ಸ್ವಲ್ಪ ಗಿಡ್ಡ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಊರ ಕೆರೆಯನ್ನು ನುಂಗಿದ ಮಂತ್ರಿಯ ಮೇಲೆ ರಾಜ ಸಿಟ್ಟಾಗುವ ಕಥೆ. ರಾಜನ ಸಿಟ್ಟಿನ ಮಾತೇ ಮೂರು ಪುಟ. ಇಂಥ ಮಾತು ಕನ್ನಡದಲ್ಲಿ ಬಂದಿಲ್ಲ ಎಂದು ಒಳಗೊಳಗೇ ನಂಬಿದ್ದೆ. ಕಾಗದದಲ್ಲಿ ಬರೆಯದೆ ನೇರವಾಗಿ ಕಂಪ್ಯೂಟರಿನಲ್ಲೇ ಬರೆಯಬೇಕೆಂಬ ಹಟ ಬೇರೆ.

ದಸರಾ ರಜೆ ಮುಗಿದ ವಾರ ಶುರು ಮಾಡಿದೆ. ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದು ಕೂತರೆ ಮಾತು ತಾನಾಗಿ ಬರುತ್ತಿತ್ತು. ನಾಲ್ಕನೆಯ ದಿನ ರಾಜ ಸಿಂಹಾಸನದಿಂದ ಎದ್ದು 'ಎಲವೋ ಮಂತ್ರಿ' ಎಂದ. ಪರದೆ ಕಪ್ಪಾಯಿತು. ಡಬ್ಬ ಒಂದು ಸಲ ಕುಂಯ್ ಎಂದು, ಮೊದಲಿನಿಂದ ಅಕ್ಷರ ಓಡಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮತ್ತೆ ತೆರೆದುಕೊಂಡಿತು. ರಾಜನೂ ಇಲ್ಲ, ಮಂತ್ರಿಯೂ ಇಲ್ಲ. ಆಗಾಗ ಸೇವ್ ಮಾಡು ಎಂದು ತಮ್ಮ ಹೇಳಿದ್ದ. ನಾನು ಟೈಪ್‌ರೈಟರ್ ಮೇಲೆ ಕಲಿತವಳು. ಒಮ್ಮೆ ಕುಟ್ಟಿದ ಅಕ್ಷರ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ತಾಲ್ಲೂಕು ಕಚೇರಿಯಲ್ಲಿದ್ದ ನನ್ನ ಗಂಡ ನೋಡಿದವರೇ, "ವೋಲ್ಟೇಜು" ಎಂದರು. ಮರುದಿನವೇ ಸ್ಟೆಬಿಲೈಸರ್ ತಂದು ಜೋಡಿಸಿದರು. ನಾನು ಎರಡನೆಯ ಸಲ ನಾಟಕ ಬರೆದೆ, ಈ ಸಲ ಸೇವ್ ಮಾಡುತ್ತಾ. ರಾಜ ಎದ್ದ, 'ಎಲವೋ' ಎಂದ, ಕಂಪ್ಯೂಟರ್ ಆರಿತು. ಮತ್ತೆ ಹೊತ್ತಿಕೊಂಡಾಗ ಫೈಲು ಇತ್ತು, ಆದರೆ ಅದರೊಳಗೆ ಅಕ್ಷರದ ಬದಲು ಸಾಲುಸಾಲು ಚೌಕಗಳು. ತಲೆಯ ಮೇಲಿನ ಬಲ್ಬು ಮಾತ್ರ ಒಮ್ಮೆಯೂ ಮಿಣುಕಿರಲಿಲ್ಲ. ಅದನ್ನು ನಾನು ಹೇಳಿದ್ದು ನನ್ನ ಗಂಡನಿಗೆ ಇಷ್ಟವಾಗಲಿಲ್ಲ.

ಅವರು ಡಬ್ಬವನ್ನು ಹೊದಿಕೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೊರಟರು. ಪಕ್ಕದಲ್ಲಿ ಕೂತ ಹೆಂಗಸು ಮಗುವೆಂದುಕೊಂಡು, ಗಾಳಿ ತಗುಲೀತೆಂದು ಕಿಟಕಿ ಮುಚ್ಚಿದಳಂತೆ. ಅಲ್ಲೊಬ್ಬ ಮೆಕ್ಯಾನಿಕ್ ಇದ್ದರು. ವರ್ಷಗಟ್ಟಲೆ ಟಿ.ವಿ. ರಿಪೇರಿ ಮಾಡಿ, ಈಚೆಗೆ ಕಂಪ್ಯೂಟರಿಗೂ ಕೈ ಹಾಕಿದ್ದವರು. ಎರಡು ದಿನ ಇಟ್ಟುಕೊಂಡು ಫೋನ್ ಮಾಡಿದರು.

"ಮೇಡಮ್ಮೋರೆ, ಇದ್ಕೇನೂ ಆಗಿಲ್ಲ ಕಣ್ರಿ. ಬೆಳಗಿಂದ ಬೈಗಿನ್‌ಗಂಟ ಓಡ್ತಾನೇ ಅದೆ. ಯಾವ್ದುಕ್ಕೂ ಇರ್ಲಿ ಅಂತ ಒಳಗಿರಾದ್ನೆಲ್ಲ ಅಳ್ಸಿ ವಸದಾಗಿ ಆಕಿವ್ನಿ."

ಉಳಿದಿದ್ದ ಚೌಕಗಳೂ ಹೋದವು. ಡಬ್ಬ ಮನೆಗೆ ಬಂತು. ಮೂರನೆಯ ಸಲ ಬರೆಯುವಾಗ ನನಗೇ ಸುಸ್ತಾಗಿ, ರಾಜನ ಮೂರು ಪುಟ ಅರ್ಧ ಪುಟಕ್ಕೆ ಇಳಿದಿತ್ತು. ಆ ಅರ್ಧ ಪುಟವೂ ಆರಿಹೋಯಿತು. ಅಂದು ನಾನು ಅತ್ತುಬಿಟ್ಟೆ. ನನ್ನ ಅತ್ತೆ ಬಂಡಳ್ಳಿ ಕಡೆಯವರು, ಸಮಾಧಾನಕ್ಕೆ ಹೆಚ್ಚು ಮಾತು ಖರ್ಚು ಮಾಡುವವರಲ್ಲ. "ಆ ರಾಜುನ್ನ ಬುಟ್ಬುಡವ್ವ, ಬ್ಯಾರೆ ಕತೆ ಬರಿ" ಎಂದರು.

ಭಾನುವಾರ ಮೆಕ್ಯಾನಿಕ್ ತಾವೇ ಬಂದರು. ಡಬ್ಬದ ಎದುರು ಸ್ಟೂಲು ಹಾಕಿಕೊಂಡು ಕೂತು, "ಏನಾರ ಟೈಪ್ ಮಾಡಿ ಮೇಡಮ್ಮೋರೆ, ನೋಡಾನ" ಎಂದರು. ಪರರ ಎದುರು ನಾನು ಮೆಲ್ಲಗೆ, ಹೂ ಕಟ್ಟುವವಳಂತೆ ಟೈಪ್ ಮಾಡಿದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ನನ್ನ ಗಂಡ ನನ್ನನ್ನು ನೋಡಿದ ನೋಟದಲ್ಲಿ ಅನುಮಾನ ಶುರುವಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಇದೆಲ್ಲ ಸುಳ್ಳು ಕನಪ್ಪ. ದಿನಾ ಇಂಗ್ ಬೆರಳಾಡ್ಸಲ್ಲ ಇವ್ಳು. ರಾಗಿ ಬಡ್ದಂಗ್ ಬಡೀತಾಳೆ. ಮೇಜು ಅಂಗೇ ಕುಣೀತದೆ."

"ಅಂಗೇ ಬಡೀರಿ ಮತ್ತೆ" ಎಂದರು ಮೆಕ್ಯಾನಿಕ್.

ನಾಚಿಕೆ ಬಿಟ್ಟು ರಾಜನ ಸಿಟ್ಟನ್ನು ಕುಟ್ಟತೊಡಗಿದೆ. ಮೇಜು ಕುಂಟಿತು. ಎರಡನೆಯ ಸಾಲಿಗೆ ಪರದೆ ಕಪ್ಪಾಯಿತು. ಮೆಕ್ಯಾನಿಕ್ ಪರದೆಯನ್ನು ನೋಡಲೇ ಇಲ್ಲ. ಡಬ್ಬದ ಮುಂದಿದ್ದ ಪುಟ್ಟ ಗುಂಡಿಯ ಮೇಲೆ ಉಗುರಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದರು. ಉಗುರಿನಲ್ಲಿ ಕೆಂಪು.

ಅದು ರೀಸೆಟ್ ಗುಂಡಿ. ಒತ್ತಿದರೆ ಕಂಪ್ಯೂಟರ್ ನಿಂತು ಮತ್ತೆ ಶುರುವಾಗಬೇಕು. ಆಯುಧಪೂಜೆಯ ದಿನ ಅತ್ತೆ ಡಬ್ಬಕ್ಕೂ ಗಂಧ ಬಳಿದು ಕುಂಕುಮ ಇಟ್ಟಿದ್ದರು. ಹಣೆಯೆಂದು ಅವರಿಗೆ ತೋರಿದ ಜಾಗವೇ ಆ ಗುಂಡಿ. ಗಂಧ ಸಂದಿಗೆ ಇಳಿದು ಒಣಗಿ, ಗುಂಡಿ ಅರ್ಧ ಒತ್ತಿಕೊಂಡೇ ನಿಂತಿತ್ತು. ಮೇಜು ಅಲುಗಿದರೆ ಉಳಿದರ್ಧ ತಾನೇ ಒತ್ತಿಕೊಳ್ಳುತ್ತಿತ್ತು. ಕೊಳ್ಳೇಗಾಲದ ಅಂಗಡಿಯಲ್ಲಿ ಹಾಗೆ ಕುಟ್ಟುವವರು ಯಾರೂ ಇರಲಿಲ್ಲ.

ಅತ್ತೆಯ ಕೈ ಅವರೆಕಾಯಿಯ ಮೇಲೇ ನಿಂತಿತು. "ಒಳ್ಳೇದಾಗ್ಲಿ ಅಂತ ಇಟ್ಟೆ ಕನಪ್ಪ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮೆಕ್ಯಾನಿಕ್ ಒಳ್ಳೆಯವರು. "ನಿಮ್ದೇನಿಲ್ಲ ಕಣವ್ವ, ಗುಂಡಿ ಸ್ಪ್ರಿಂಗೇ ಸಡ್ಲ" ಎಂದು ಡಬ್ಬ ಬಿಚ್ಚಿ, ಗುಂಡಿಗೆ ಹೋಗುವ ಎರಡೆಳೆ ವೈರನ್ನು ಕಿತ್ತುಬಿಟ್ಟರು. ಅಷ್ಟೇ ರಿಪೇರಿ. ಅತ್ತೆ ಅವರನ್ನು ಊಟ ಮಾಡಿಸದೆ ಕಳಿಸಲಿಲ್ಲ.

ವಾರ್ಷಿಕೋತ್ಸವಕ್ಕೆ ಹತ್ತೇ ದಿನ ಉಳಿದಿತ್ತು. ನಾಲ್ಕನೆಯ ಸಲ ಬರೆದಾಗ ಒಂದು ಗಂಟೆಯ ನಾಟಕ ಇಪ್ಪತ್ತು ನಿಮಿಷದ್ದಾಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ರಾಜನಾಗಿದ್ದಳು. ಸಿಂಹಾಸನದಿಂದ ಎದ್ದು ಮಂತ್ರಿಯ ಎದುರು ನಿಂತು, "ಕೆರೆ ನಿನ್ನಪ್ಪನದಲ್ಲ" ಎಂದಳು. ಇಡೀ ಮೈದಾನ ಚಪ್ಪಾಳೆ ತಟ್ಟಿತು.

ಹೆಡ್‌ಮಾಸ್ಟರು ನನ್ನ ಬಳಿ ಬಂದು, "ಚೆನ್ನಾಗಿತ್ತು ಮೇಡಂ. ಒಂದು ಮಾತೂ ಹೆಚ್ಚಿಲ್ಲ. ಎಷ್ಟು ಸಲ ತಿದ್ದಿ ಬರೆದ್ರಿ?" ಎಂದು ಕೇಳಿದರು.

"ನಾಲ್ಕು ಸಲ ಸಾರ್" ಎಂದೆ. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡ ಕೆಮ್ಮಿದರು.