ಬಾಯಿಗೆ ಬಿಡದ ನೀರು

ಅತ್ತೆ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಕೋಲಾರದ ಮನೆಯಲ್ಲಿ ಬೇಳೆ ಡಬ್ಬಕ್ಕೆ ಫೋನ್ ಒರಗಿಸಿಕೊಂಡು ಸೊಪ್ಪು ಬಿಡಿಸುತ್ತಾ ಮಾತಾಡುವಾಗ, ತಲೆಯೆತ್ತದೆ ಕೇಳುತ್ತಾರೆ: “ನೀರು ಬಿಡ್ಬೇಕಾಗಿತ್ತೇನಮ್ಮ ಆಯಪ್ಪನ ಬಾಯಿಗೆ?”

ನಾನು ಇಲ್ಲ ಅನ್ನುತ್ತೇನೆ. ಅವರು ಹೂಂ ಅನ್ನುತ್ತಾರೆ. ಸೊಪ್ಪಿನ ಕಡ್ಡಿ ಮುರಿಯುವ ಸದ್ದು ಕೇಳಿಸುತ್ತದೆ.

ಆತ ಸತ್ತುಹೋದ. ಆತನಿಗೆ ಪ್ರಜ್ಞೆಯಿದ್ದ ಕೊನೆಯ ಹೊತ್ತಿನಲ್ಲಿ ಜೊತೆಗಿದ್ದವರು ಅತ್ತೆ ಒಬ್ಬರೇ. ಅವರ ಕೈಚೀಲದಲ್ಲಿ ಸ್ಟೀಲ್ ಬಾಟಲಿ ತುಂಬ ಕಾಯಿಸಿ ಆರಿಸಿದ ನೀರಿತ್ತು, ಅವರು ಅದನ್ನು ಕೊಡಲಿಲ್ಲ. ಇಷ್ಟು ಖಚಿತ. ಉಳಿದದ್ದರಲ್ಲಿ ನಾನು ಕಂಡದ್ದು ಯಾವುದು, ಆಮೇಲೆ ಅತ್ತೆ ಹೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಇಡಲು ಪ್ರಯತ್ನಿಸುತ್ತೇನೆ. ಎರಡೂ ನನ್ನ ತಲೆಯಲ್ಲಿ ಬೆರೆತುಹೋಗತೊಡಗಿವೆ.

ನಾವಿರುವುದು ಐರ್ಲೆಂಡಿನ ಅತ್ಲೋನ್‌ನಲ್ಲಿ. ಮಗಳು ಶನಿವಾರಗಳಂದು ಸ್ಕಾಟ್‌ಲೆಂಡಿನ ಕುಣಿತ ಕಲಿಯುತ್ತಾಳೆ. ಆ ವರ್ಷದ ಶರತ್ಕಾಲದಲ್ಲಿ ಅವಳ ಡಾನ್ಸ್ ಟೀಚರ್ ಮಕ್ಕಳನ್ನೆಲ್ಲ ಡೊನೆಗಲ್‌ನ ಬೆಟ್ಟಗಳ ನಡುವೆ ನಡೆಯುವ ಸ್ಕಾಟಿಷ್ ಪರಂಪರೆಯ ಹಬ್ಬಕ್ಕೆ ಕರೆದರು. ಆ ಸೀಮೆಯಲ್ಲಿ ಎಷ್ಟೋ ಮನೆಗಳ ಹಿರೀಕರು ಸಮುದ್ರ ದಾಟಿ ಸ್ಕಾಟ್‌ಲೆಂಡಿನಿಂದ ಬಂದವರು. ಗಂಡನಿಗೆ ಆ ವಾರಾಂತ್ಯ ಆಫೀಸಿನ ಸಪೋರ್ಟ್ ಡ್ಯೂಟಿ ಇತ್ತು. ಹಾಗಾಗಿ ಕಾರಿನಲ್ಲಿ ಹೊರಟವರು ನಾನು, ಮಗಳು, ಮತ್ತು ಆಗಷ್ಟೇ ಊರಿಂದ ಬಂದಿದ್ದ ಅತ್ತೆ.

ಕಣಿವೆಯ ತಳದಲ್ಲಿ ಒಂದು ಹುಲ್ಲಿನ ಬಯಲು. ಸುತ್ತ ಬೆಟ್ಟದ ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಹಗ್ಗ ಕಟ್ಟಿದ ಅಂಗಳದಲ್ಲಿ ದಪ್ಪನೆಯ ಗಂಡಸರು ಮರದ ದಿಮ್ಮಿಯನ್ನು ಎತ್ತಿ ನೆಟ್ಟಗೆ ಉರುಳುವಂತೆ ಎಸೆಯುತ್ತಿದ್ದರು. ಬಯಲಿನ ಅಂಚಿನುದ್ದಕ್ಕೂ ಬ್ಯಾಗ್‌ಪೈಪ್ ತಂಡಗಳು ಗುಂಡಾಗಿ ನಿಂತು ಅಭ್ಯಾಸ ಮಾಡುತ್ತಿದ್ದವು. ಅತ್ತೆ ಒಂದು ತಂಡದ ಹತ್ತಿರ ಹೋಗಿ, ಕೈಕಟ್ಟಿ ನಿಂತು, ಬಹಳ ಹೊತ್ತು ನೋಡಿದರು.

“ಇದು ಚೀಲದ ಓಲಗ ಕಣಮ್ಮ. ಮುಂದ್ಗಡೆ ಒಂದು ಕೊಳವೆ ಹಾಡ್ತೈತೆ, ಹೆಗಲ ಮೇಲಿರೋವು ಬರೀ ಶ್ರುತಿ ಹಿಡೀತವೆ.”

“ಅಜ್ಜಿ, ದೇ ಆರ್ ವೇರಿಂಗ್ ಕಿಲ್ಟ್ಸ್” ಎಂದಳು ಮಗಳು.

“ಗೊತ್ತು ಬಾರೆ. ನಿಮ್ಮ ತಾತ ಉಡ್ತಿದ್ದ ಚೌಕಳಿ ಲುಂಗಿನೇ ಇದು. ಬಟ್ಟೆ ಸಾಲ್ದೆ ಮೊಣಕಾಲಿಗೇ ನಿಲ್ಸವ್ರೆ.”

ಮಗಳು ನಕ್ಕು ನಕ್ಕು ಟೀಚರ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಓಡಿದಳು.

ಮಧ್ಯಾಹ್ನ ಗಾಳಿ ತಣ್ಣಗಾಯಿತು. ಅತ್ತೆ ಕಾರಿನಿಂದ ಶಾಲು ತರುತ್ತೇನೆಂದು ಕೀ ಕೇಳಿದರು. ಕಾರು ನಿಲ್ಲಿಸಿದ್ದು ಬೆಟ್ಟದ ತಿರುವಿನಾಚೆ, ಕುರಿ ಮೇಯುವ ಹೊಲದಲ್ಲಿ. ಮಗಳ ಸರದಿ ಹತ್ತಿರವಾಗಿತ್ತು.

“ವಾಪಸ್ ಬರೋಕೆ ದಾರಿ ಗೊತ್ತಾಗುತ್ತಾ ಅತ್ತೆ?”

“ಅಯ್ಯೋ, ಓಲಗದ ಸದ್ದು ಹಿಡ್ಕೊಂಡು ಬಂದ್ರಾಯ್ತು. ಓಲಗ ಎಲ್ಲೈತೋ ಜನ ಅಲ್ಲೇ ತಾನೆ ಇರೋದು?”

ನನಗೂ ಅದು ಸರಿಯಾಗಿಯೇ ಕಂಡಿತು. ನಮ್ಮ ಮದುವೆಗಳಲ್ಲಿ, ಉತ್ಸವಗಳಲ್ಲಿ, ಓಲಗ ಜನರ ಮುಂದೆಯೇ ಇರುತ್ತದೆ. ಪೈಪ್ ನುಡಿಸುವವರು ತಮ್ಮ ಶ್ರುತಿ ತಮಗೆ ಕೇಳಿಸಲೆಂದು ಬೇರೆ ತಂಡಗಳಿಂದ ದೂರ, ಕೆಲವೊಮ್ಮೆ ಬೆಟ್ಟದ ಮೇಲಕ್ಕೇ, ಒಬ್ಬೊಬ್ಬರೇ ಹೋಗಿ ನಿಲ್ಲುತ್ತಾರೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನೆಲದ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ನಡುವೆ, ಅವನ್ನು ತಾಕದೆ, ಮಗಳು ಕುಣಿದಳು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಕುಣಿತ ಮುಗಿದು ತಲೆ ಎತ್ತಿದಾಗ ಎದುರಿನ ಬೆಟ್ಟ ಇರಲಿಲ್ಲ. ಮಂಜು ಕಣಿವೆಗೆ ಇಳಿದಿತ್ತು. ಅತ್ತೆ ಬಂದಿರಲಿಲ್ಲ.

“ಅಜ್ಜಿ ಈಸ್ ಗ್ರ್ಯಾಂಡ್, ಮಮ್ಮಿ” ಎಂದಳು ಮಗಳು, ನನ್ನ ಮುಖ ನೋಡಿ; ಅಜ್ಜಿಗೆ ಏನೂ ಆಗಿಲ್ಲ ಎನ್ನಲು ಇಲ್ಲಿನವರು ಹಾಗನ್ನುತ್ತಾರೆ. ಅವಳನ್ನು ಟೀಚರ್ ಬಳಿ ಬಿಟ್ಟು ಕಾರಿನ ಕಡೆ ಓಡಿದೆ. ಕಾರು ಲಾಕ್ ಆಗಿತ್ತು. ಕಿಟಕಿಯಿಂದ ಇಣುಕಿದರೆ ಹಿಂದಿನ ಸೀಟಿನ ಮೇಲಿದ್ದ ಶಾಲು ಕಾಣಲಿಲ್ಲ. ಅಂದರೆ ಅವರು ಇಲ್ಲಿಗೆ ಬಂದು, ಶಾಲು ತೆಗೆದುಕೊಂಡು ಹೊರಟಿದ್ದಾರೆ. ಫೋನ್ ಮಾಡೋಣವೆಂದರೆ ಆ ಕಣಿವೆಯಲ್ಲಿ ಸಿಗ್ನಲ್ಲೇ ಇಲ್ಲ. ಮಂಜಿನೊಳಗೆ ಪೈಪ್‌ಗಳ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಹಿಂದಿನಿಂದ, ಮೇಲಿನಿಂದ, ಬಂಡೆಗೆ ಬಡಿದು ಇನ್ನೊಂದು ಮಗ್ಗುಲಿನಿಂದ. ಆ ಸದ್ದನ್ನೇ ಹಿಡಿದು ಅವರು ಎಲ್ಲಿಗೆ ಹೋಗಿದ್ದಾರೋ ಎಂದುಕೊಳ್ಳುತ್ತಾ ಬಯಲಿಗೆ ಓಡಿ ಬಂದೆ.

ಹಳದಿ ಜಾಕೆಟ್ ತೊಟ್ಟ ಕಾರ್ಯಕರ್ತೆಯೊಬ್ಬಳು ಮೊದಲು, “ಟೀ ಟೆಂಟಿನಲ್ಲಿ ಇರ್ತಾರೆ ಬಿಡಿ, ಎಲ್ಲ ಅಜ್ಜಿಯರೂ ಅಲ್ಲೇ ಸಿಗೋದು” ಎಂದಳು. ಅಲ್ಲಿಯೂ ಇರಲಿಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಸದ್ದು ಹಿಡಿದು ಬರುತ್ತೇನೆಂದು ಹೇಳಿ ಹೋದವರು ಎಂದು ನಾನು ಹೇಳಿದಾಗ ಅವಳ ನಗು ನಿಂತಿತು. ನನ್ನನ್ನು ನೇರವಾಗಿ ಘೋಷಣೆ ಮಾಡುವವನ ಬಳಿಗೆ ಕರೆದೊಯ್ದಳು.

ಅವನು ಧ್ವನಿವರ್ಧಕದಲ್ಲಿ ಎಲ್ಲ ತಂಡಗಳಿಗೂ ನಿಲ್ಲಿಸಲು ಹೇಳಿದ. ಪೈಪ್‌ಗಳು ಒಂದೊಂದಾಗಿ ನರಳಿ ಸುಮ್ಮನಾದವು. ಡ್ರಮ್‌ನವರು ಅದುರುವುದು ನಿಲ್ಲಲೆಂದು ಚರ್ಮದ ಮೇಲೆ ಅಂಗೈ ಇಟ್ಟುಕೊಂಡರು. ಅವನು ಮೈಕನ್ನು ನನ್ನ ಕೈಗೆ ಕೊಟ್ಟ.

“ಅತ್ತೆ” ಎಂದೆ. ನನ್ನ ದನಿ ಬೆಟ್ಟಕ್ಕೆ ಹೋಗಿ ತಿರುಗಿ ಬಂತು. “ಅತ್ತೆ, ನೀವು ಎಲ್ಲಿದ್ದೀರೋ ಅಲ್ಲೇ ಇರಿ. ನಡೀಬೇಡಿ. ಕೂಗಿ. ನಾವು ಬರ್ತೀವಿ.”

ಕೂಗು ಬರಲಿಲ್ಲ. ಕುರಿಯೊಂದು ಅರಚಿತು. ಆಮೇಲೆ ಮೇಲಿನಿಂದ, ಎಡಗಡೆಯಿಂದ, ಪೈಪಿನ ಸದ್ದು ಬಂತು. ಹಾಡಲ್ಲ. ಒಂದು ಒಡೆದ ನರಳಿಕೆ. ನಿಂತಿತು. ಮತ್ತೆ ಬಂತು.

“ಯಾರೂ ನುಡಿಸಬೇಡಿ, ದಯವಿಟ್ಟು” ಎಂದ ಘೋಷಣೆಯವನು, ಸಿಟ್ಟಿನಲ್ಲಿ.

ಹತ್ತಿರವೇ ನಿಂತಿದ್ದ ಒಂದು ತಂಡದ ಮುಖ್ಯಸ್ಥ ಅವನ ತೋಳು ಹಿಡಿದ. “ಅದು ನುಡಿಸೋದಲ್ಲ. ನುಡಿಸಲು ಬಾರದ ಯಾರೋ ಚೀಲ ಒತ್ತುತ್ತಿದ್ದಾರೆ.” ಹಾಗೆಂದವನೇ ತನ್ನ ತಂಡದ ಕಡೆ ತಿರುಗಿ ನೋಡಿದ. ಅವನ ಮುಖ ಬದಲಾದದ್ದನ್ನು ನಾನು ಕಂಡೆ. ಅವರಲ್ಲಿ ಎಲ್ಲರಿಗಿಂತ ಹಿರಿಯನೊಬ್ಬ ಶ್ರುತಿ ಮಾಡಿಕೊಳ್ಳಲೆಂದು ಮೇಲೆ ಹೋದವನು ಇನ್ನೂ ಇಳಿದು ಬಂದಿರಲಿಲ್ಲ.

ಪ್ರಥಮ ಚಿಕಿತ್ಸೆಯವರು ಮುಂದೆ, ತಂಡದ ಮುಖ್ಯಸ್ಥ ಮತ್ತು ನಾನು ಹಿಂದೆ, ಆ ನರಳಿಕೆ ಬಂದ ಕಡೆ ಹತ್ತಿದೆವು. ಹಳೆಯ ಕುರಿದೊಡ್ಡಿಯ ಮುರಿದ ಕಲ್ಲುಗೋಡೆಯ ಮರೆಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಆತನ ತಲೆ ಅವರ ತೊಡೆಯ ಮೇಲಿತ್ತು, ಶಾಲು ಆತನ ಎದೆಯ ಮೇಲೆ. ಪಕ್ಕದಲ್ಲಿ ಪೈಪಿನ ಚೀಲ. ಅತ್ತೆ ಅದರ ಊದುಗೊಳವೆಯನ್ನು ಬಾಯಿಂದ ತೆಗೆದು ನನ್ನನ್ನು ನೋಡಿದರು.

“ಎಷ್ಟೊತ್ತೇ ಬರೋದು? ಉಸಿರು ಸಾಲ್ತಿಲ್ಲ ನಂಗೆ.”

ನಾನು ಇದನ್ನು ಬರೆಯಲೇಬೇಕು: ಅತ್ತೆ ಬೇರೆಯವರ ಬಾಯಿ ತಾಕಿದ ಲೋಟ ಮುಟ್ಟುವವರಲ್ಲ. ನಮ್ಮ ಮನೆಯಲ್ಲಿ, ಸ್ವಂತ ಲೋಟದಲ್ಲೂ, ತುಟಿ ತಾಗಿಸದೆ ಎತ್ತಿ ಕುಡಿಯುತ್ತಾರೆ. ಮಗಳು ಕಚ್ಚಿ ತಿಂದ ಬಿಸ್ಕತ್ತು ತಟ್ಟೆಯಲ್ಲಿದ್ದರೆ ಆ ತಟ್ಟೆಯನ್ನೇ ಬದಲಿಸುತ್ತಾರೆ. ಆ ಕೊಳವೆ ಗುರುತಿಲ್ಲದ ಗಂಡಸಿನ ಬಾಯಿಂದ ಆಗಷ್ಟೇ ಜಾರಿದ್ದು.

ಚಿಕಿತ್ಸೆಯವರು ಆತನನ್ನು ಮಲಗಿಸಿ ಎದೆ ಒತ್ತತೊಡಗಿದರು. ನಾನು ಅತ್ತೆಯನ್ನು ಗೋಡೆಯ ಬದಿಗೆ ಕರೆತಂದೆ. ಅವರು ಅಳಲಿಲ್ಲ, ನಡುಗಲಿಲ್ಲ. ಆತನ ಶೂಗಳನ್ನೇ ನೋಡುತ್ತಾ ನಿಂತಿದ್ದರು. ಆಂಬುಲೆನ್ಸ್ ಹೋದ ಮೇಲೆ ನಾವು ಟೀ ಟೆಂಟಿನಲ್ಲಿ ಕೂತಿದ್ದೆವು. ಆತ ದಾರಿಯಲ್ಲೇ ಹೋದನೆಂಬ ಸುದ್ದಿ ಅಲ್ಲಿಗೆ ಬಂತು. ತಂಡಗಳು ಮತ್ತೆ ನುಡಿಸಲಿಲ್ಲ. ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚುವ ಸದ್ದು ಮಾತ್ರ ಕೇಳುತ್ತಿತ್ತು.

ಮುಂದಿನದು ಅತ್ತೆ ಹೇಳಿದ್ದು, ಅತ್ಲೋನ್‌ಗೆ ವಾಪಸ್ ಬರುವಾಗ ಕಾರಿನಲ್ಲಿ. ಕಾರಿನಿಂದ ಹೊರಟಾಗ ಹತ್ತಿರದಲ್ಲೇ ಕೇಳಿಸಿದ ಸದ್ದನ್ನು ಹಿಡಿದು ನಡೆದರು. ದಾರಿ ಏರತೊಡಗಿದಾಗ ಅನುಮಾನ ಬಂತು, ಆದರೂ ಸದ್ದು ಮುಂದೆಯೇ ಇತ್ತು. ಇದ್ದಕ್ಕಿದ್ದಂತೆ ಹಾಡು ಕಡಿದು, ಶ್ರುತಿ ಮಾತ್ರ ಉಳಿದು, ಕೆಳಗಿಳಿಯುತ್ತಾ ನಿಂತುಹೋಯಿತು. “ಹಂಗೆ ಯಾರೂ ನಿಲ್ಸಲ್ಲ ಕಣಮ್ಮ. ಏನೋ ಆಯ್ತು ಅಂದ್ಕೊಂಡೆ.” ಹೋಗಿ ನೋಡಿದರೆ ಆತ ಬಿದ್ದಿದ್ದ. ಕೂಗಿದರು. ಕೆಳಗಿನ ಪೈಪುಗಳ ಗದ್ದಲದಲ್ಲಿ ಇವರ ಕೂಗು ಯಾರಿಗೂ ಕೇಳಲಿಲ್ಲ. ಆಮೇಲೆ ಎಲ್ಲ ಸದ್ದೂ ನಿಂತು, ನನ್ನ ದನಿ ಬೆಟ್ಟದ ತುಂಬ ಬಂತು. ಅಷ್ಟರಲ್ಲಿ ಇವರ ಗಂಟಲು ಕಟ್ಟಿತ್ತು. ಆಗ ಊದಿದರು.

“ಬಾಯಿ ತೆರೀತಿದ್ದ, ಮುಚ್ತಿದ್ದ. ನೀರು ಕೇಳಿದ್ನೇನೋ. ಬಾಟ್ಲಿ ತೆಗೆದೆ, ಮುಚ್ಚಳಾನೂ ಬಿಚ್ಚಿದೆ. ನಿಮ್ಮ ಮಾವನ ಬಾಯಿಗೆ ನೀರು ಬಿಟ್ಟಿದ್ದು ಇದೇ ಕೈಯಿ. ಬಿಟ್ಟ ಕೂಡ್ಲೇ ಹೋದ್ರು. ಇವ್ನಿಗೂ ಬಿಟ್ರೆ ಹೋಗಪ್ಪ ಅಂತ ನಾನೇ ಕಳಿಸ್ದಂಗೆ. ಮುಚ್ಚಿಬಿಟ್ಟೆ.”

ಪ್ರಜ್ಞೆ ತಪ್ಪುತ್ತಿರುವವರಿಗೆ ನೀರು ಕೊಡಲೇಬಾರದು ಎಂದೇ ಚಿಕಿತ್ಸೆಯವರು ಹೇಳುವುದು, ನೀವು ಮಾಡಿದ್ದೇ ಸರಿ ಎಂದು ಅವರಿಗೆ ಹೇಳಿದೆ.

“ಅದು ಅವ್ರ ಲೆಕ್ಕ” ಎಂದರು.

ಎರಡು ದಿನದ ಮೇಲೆ ಡಾನ್ಸ್ ಟೀಚರ್ ಫೋನ್ ಮಾಡಿದರು: ಅಲ್ಲಿನ ಪದ್ಧತಿಯಂತೆ ಶವವನ್ನು ಮನೆಗೆ ತಂದು ಇರಿಸಿದ್ದರು. ಊರವರೆಲ್ಲ ಬಂದು ನೋಡಿ ಹೋಗುತ್ತಾರೆ. ಅತ್ತೆ ಹೋಗಲೇಬೇಕೆಂದರು. ಮಗಳನ್ನು ಗಂಡನ ಬಳಿ ಬಿಟ್ಟು ನಾವಿಬ್ಬರೂ ಮತ್ತೆ ಡೊನೆಗಲ್‌ಗೆ ಹೋದೆವು. ಸಾವಿನ ಮನೆಯಲ್ಲಿ ಏನೂ ಮುಟ್ಟಬಾರದು, ವಾಪಸ್ ಬಂದು ತಲೆಗೆ ಸ್ನಾನ ಮಾಡಬೇಕು ಎಂದು ದಾರಿಯಲ್ಲಿ ನನಗೆ ಹೇಳಿಕೊಟ್ಟರು. ಬಾಗಿಲಲ್ಲೇ ಯಾರೋ ಟೀ, ಸ್ಯಾಂಡ್‌ವಿಚ್ ಹಿಡಿದು ಬಂದರು. ಅತ್ತೆ ಕೈಮುಗಿದು ಬೇಡವೆಂದರು.

ಮುಂದಿನ ಕೋಣೆಯಲ್ಲಿ ತೆರೆದ ಶವಪೆಟ್ಟಿಗೆ. ಆತನ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ನಾವು ಯಾರೆಂದು ತಿಳಿದ ಕೂಡಲೆ ಎದ್ದು ಅತ್ತೆಯ ಎರಡೂ ಕೈ ಹಿಡಿದುಕೊಂಡು, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಆತ ಕೊನೆಗೆ ಏನಾದರೂ ಹೇಳಿದನಾ ಎಂದು ಕೇಳಿದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ಮಾತಾಡ್ಲಿಲ್ಲ. ನನ್ನ ಕೈ ಹಿಡ್ಕೊಂಡಿದ್ದ. ಬೆರಳು ಆಡ್ತಾ ಇತ್ತು, ಹಿಂಗೆ.” ಅತ್ತೆ ಆಕೆಯ ಮಣಿಕಟ್ಟಿನ ಮೇಲೆ ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಟ್ಟು ತೋರಿಸಿದರು, ಕೊಳವೆಯ ರಂಧ್ರಗಳ ಮೇಲೆ ಆಡಿಸುವ ಹಾಗೆ.

ಆಕೆ ಕಣ್ಣುಮುಚ್ಚಿ ಕೂತಿದ್ದರು. “ಯಾವ ಹಾಡೋ ನನಗೆ ಗೊತ್ತಾಗಲ್ಲ. ಜೀವಮಾನವಿಡೀ ಕೇಳಿದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳೀಲಿಲ್ಲ” ಎಂದರು. ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ.

ಆಮೇಲೆ ಅತ್ತೆ ನನ್ನ ಕಡೆ ತಿರುಗಿ, “ನೀರಿನ ವಿಷ್ಯ ಹೇಳು” ಎಂದರು. ಬೇಡವೆಂದು ಸನ್ನೆ ಮಾಡಿದೆ. “ಹೇಳಮ್ಮ. ಕೇಳ್ಬೇಕಾದವ್ರು ಅವ್ರೇ.”

ಹೇಳಿದೆ. ನಮ್ಮಲ್ಲಿ ಹೋಗುತ್ತಿರುವವರ ಬಾಯಿಗೆ ನೀರು ಬಿಡುತ್ತಾರೆ, ಅತ್ತೆಯ ಬಳಿ ನೀರಿತ್ತು, ಅವರು ಬಿಡಲಿಲ್ಲ, ಬಿಟ್ಟರೆ ಹೋಗು ಎಂದಂತೆ ಆಗುತ್ತದೆಂದು ಹೆದರಿದರು ಎಂದು, ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದೆ. ಅತ್ತೆ ಅಷ್ಟೂ ಹೊತ್ತು ಆಕೆಯ ಮುಖವನ್ನೇ ನೋಡುತ್ತಿದ್ದರು.

“ಅಂದರೆ ಇವರು ಅವನು ಉಳೀತಾನೆ ಅಂದುಕೊಂಡಿದ್ದರು” ಎಂದರು ಆಕೆ.

ಕನ್ನಡದಲ್ಲಿ ಹೇಳಿದೆ. ಅತ್ತೆ ಹೌದೆಂದು ತಲೆಯಾಡಿಸಿದರು. ಕಾರಿನಲ್ಲೂ ಅಳದವರು ಆಗ ಅತ್ತರು, ಸದ್ದಿಲ್ಲದೆ, ಸೆರಗಿನಿಂದ ಮೂಗು ಒತ್ತಿಕೊಂಡು.

ಆಕೆ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಒಂದು ಲೋಟ ನೀರು ತಂದು ಅತ್ತೆಯ ಮುಂದೆ ಹಿಡಿದರು. ಬೇಡವೆನ್ನಲು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಅದನ್ನು ತೆಗೆದುಕೊಂಡಿದ್ದರು. ಎತ್ತಿ ಕುಡಿಯಲಿಲ್ಲ. ತುಟಿಗೆ ತಾಗಿಸಿ, ನಿಧಾನವಾಗಿ, ಪೂರ್ತಿ ಕುಡಿದು, ಖಾಲಿ ಲೋಟವನ್ನು ಆಕೆಯ ಕೈಗೆ ಕೊಟ್ಟರು.