ಅಪ್ಪನಿಗೆ ತಂದ ರೇಷ್ಮೆ ಶಾಲು

ಅಪ್ಪನ ಶವಕ್ಕೆ ಹೊದಿಸಲು ಔರಾದಿನಿಂದ ಸೋದರಮಾವ ತಂದಿದ್ದ ಶಾಲಿನಿಂದ ಅವ್ವ ಒಂದು ಎಳೆ ಕಿತ್ತು, ಪಕ್ಕದ ದೀಪಕ್ಕೆ ಹಿಡಿದಳು. ಅಳುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು.

“ಅಸಲಿ ರೇಷ್ಮಿ ಅದ ತಂಗೀ,” ಎಂದ ಮಾವ.

ಎಳೆ ಮುದುಡಿ ಕರಿಮಣಿಯಂತೆ ಗಟ್ಟಿಯಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಹೊಡೆಯಿತು. ಭಾಲ್ಕಿಯಲ್ಲಿ ಬಟ್ಟೆ ಅಂಗಡಿ ನಡೆಸಿದ ಅಪ್ಪ, ಕೈಗೆ ಬಂದ ಬಟ್ಟೆಯನ್ನೆಲ್ಲ, ಬೀಗರು ಹೊದಿಸಿದ ಶಾಲನ್ನೂ ಬಿಡದೆ, ಹೀಗೇ ಎಳೆ ಸುಟ್ಟು ನೋಡುತ್ತಿದ್ದ.

“ಅಣ್ಣಾ, ಇದು ಹೊಚ್ಚಿದ್ರ ಅವರು ಎದ್ದು ಬೈತಾರ ನೋಡು,” ಎಂದಳು ಅವ್ವ. ಮೊದಲು ನಕ್ಕವನು ಮಾವನೇ. ಕೊನೆಗೆ ಅಪ್ಪನ ಹಳೆಯ ಹತ್ತಿ ಧೋತರವನ್ನೇ ಹೊದಿಸಿದೆವು.

ಕೆಲವು ದಿನಗಳ ನಂತರ ಮಾವ ಅವ್ವನಿಗೆ ಸೀರೆ ತಂದ. ಜೊತೆಗೆ ತಾನೇ ಕಡ್ಡಿಪೆಟ್ಟಿಗೆಯನ್ನೂ ಕೊಟ್ಟ. ಅವ್ವ ಎಳೆ ಸುಟ್ಟಳು. ಕಾಗದ ಸುಟ್ಟಂಥ ವಾಸನೆ, ಅಸಲಿ ಹತ್ತಿ. ಅಪ್ಪನ ಬೆರಳುಗಳಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಅಪ್ಪ ಹೋದ ಮೇಲೆ ಅವ್ವ ಅಂದು ಮೊದಲ ಸಲ ಅತ್ತಳು.