ಚಾಪೆಯಷ್ಟು ಬಿಸಿಲು

ನಮ್ಮ ಮನೆಯೊಳಗೆ ಬಿಸಿಲು ಬೀಳುವುದು ಒಂದು ಚಾಪೆಯಷ್ಟು. ಮಾಳಿಗೆಯ ಬೆಳಕಿಂಡಿಯಿಂದ ಇಳಿದು, ನಡುಮನೆಯಲ್ಲಿ ಮೆಲ್ಲಗೆ ಸರಿಯುತ್ತ ಹೋಗುತ್ತದೆ. ತೊಂಬತ್ತರ ದಶಕದ ಒಂದು ಚಳಿಗಾಲ, ಇಷ್ಟೇ ಬಿಸಿಲಿಗಾಗಿ ನಮ್ಮವ್ವನಿಗೂ ಒಂದು ಸಮುದ್ರದ ಜೀವಿಗೂ ಜಗಳ ಹತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಬೈಲಹೊಂಗಲಕ್ಕೆಲ್ಲಿಯ ಸಮುದ್ರ? ಅವ್ವನ ಮಟ್ಟಿಗೆ ಸಮುದ್ರವೆಂದರೆ ಸವದತ್ತಿ ಹತ್ತಿರದ ಆಣೆಕಟ್ಟಿನ ಹಿನ್ನೀರು.

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಗಾಜು ಕೊಯ್ಯಲು ಕೂತವನು. ನಾನು ಕೊಯ್ದ ಗಾಜು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುವುದಿಲ್ಲ. ಇದು ಜಂಬವಲ್ಲ, ಊರೇ ಹೇಳುತ್ತದೆ. ಊರು ಮರೆತಾಗ ನಾನು ಹೇಳುತ್ತೇನೆ. ಬ್ಯಾಂಕಿನ ಸಾಹೇಬರೊಬ್ಬರು ನನ್ನ ಕೈಲಿ ಗಾಜಿನ ತೊಟ್ಟಿ ಮಾಡಿಸಿ, ಉಪ್ಪುನೀರು ತುಂಬಿ, ಮುಂಬಯಿಯಿಂದ ತಂದ ಜೀವಂತ ಹವಳ ಸಾಕಿದ್ದರು. ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಅಲ್ಲಿ ಮನೆ ಸಿಗುವವರೆಗೆ ಹವಳದ ಗತಿಯೇನು, ಅದಕ್ಕೆ ದಿನವೂ ಬೆಳಕು ಬೇಕು, ಕರೆಂಟನ್ನಂತೂ ನಂಬುವಂತಿಲ್ಲ ಎಂದು ಪೇಚಾಡಿದರು. ನಮ್ಮ ಮನೆಯಲ್ಲಿಟ್ಟು ಬಿಸಿಲಿನಲ್ಲೇ ಬೆಳೆಸುತ್ತೇನೆ ಎಂದೆ. ಮನೆಯೊಳಗೆ ಬಿಸಿಲು ಎಲ್ಲಿಂದ ತರುತ್ತೀರಿ ಎಂದು ನಕ್ಕರು.

“ಕನ್ನಡಿ ಮಾರೂ ಮನಶ್ಯಾಗ ಬಿಸಲಿಂದೇನ್ ಕೊರತಿರೀ ಸಾಹೇಬ್ರ?” ಎಂದುಬಿಟ್ಟೆ. ಅಲ್ಲಿಗೆ ನನ್ನ ಮರ್ಯಾದೆ ಆ ತೊಟ್ಟಿಯೊಳಗೆ ಬಿತ್ತು.

ಹವಳದ ಸಂಸಾರ ವಿಚಿತ್ರ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬಿಸಿಲು ಬಿದ್ದರೆ ಬಾಡಿಗೆಯವನು ಅಡಿಗೆ ಮಾಡುತ್ತಾನೆ, ಮಾಲೀಕ ಉಣ್ಣುತ್ತಾನೆ. ಇಂಥ ಬಾಡಿಗೆಯವರು ನಮ್ಮ ಓಣಿಯಲ್ಲಿ ಯಾರಿಗೂ ಸಿಕ್ಕಿಲ್ಲ. ನೀರಾಡಿಸುವ ಪುಟ್ಟ ಪಂಪಿಗೆ ಹಳೆಯ ಬ್ಯಾಟರಿ ಹಚ್ಚಿ, ಬೆಳಕಿಂಡಿಯ ಕೆಳಗೆ ತಂತಿಯಿಂದ ಕನ್ನಡಿ ತೂಗುಬಿಟ್ಟು, ಚಾಪೆಯಷ್ಟು ಬಿಸಿಲನ್ನೂ ತೊಟ್ಟಿಯ ಕಡೆ ತಿರುಗಿಸಿದೆ.

ಆ ಬಿಸಿಲಿನಲ್ಲಿ ಅವ್ವ ವರ್ಷಾನುಗಟ್ಟಲೆ ಮೊಣಕಾಲು ಕಾಸಿಕೊಳ್ಳುತ್ತ ಜೋಳ ಹಸನು ಮಾಡುತ್ತಿದ್ದಳು.

“ಕಲ್ಲಿಗೆ ಬಿಸಲ ಕಾಸಾಕ ಹತ್ತೀಯಲ್ಲೋ, ಹಡದಾಕಿ ನೆಳ್ಳಾಗ ಕುಂದರಬೇಕೇನು?”

ಅದು ಕಲ್ಲಲ್ಲ, ಜೀವ ಎಂದೆ. ಅವ್ವ ಕೊರಳಿನ ಹವಳದ ಸರ ಎತ್ತಿ ತೋರಿಸಿದಳು. “ಇದಕ್ಕೂ ಜೀವ ಐತೇನು? ಹಂಗಾದ್ರ ಇಷ್ಟ್ ವರ್ಷ ಉಪಾಸ ಕೆಡವೇನಲ್ಲ, ಪಾಪ ಬಂತು ನೋಡು.”

ಕೆಲವೇ ದಿನಗಳಲ್ಲಿ ಜೇನುಬಣ್ಣದ ಹವಳ ಬೆಳ್ಳಗಾಗತೊಡಗಿತು. ಬಿಸಿಲು ಸಾಲದು ಎಂದುಕೊಂಡು ಇನ್ನೊಂದು ಕನ್ನಡಿ ತೂಗುಬಿಟ್ಟೆ. ಇನ್ನಷ್ಟು ಬಿಳಿಚಿತು. ಸಾಹೇಬರಿಗೆ ಮುಖ ತೋರಿಸುವುದು ಹೇಗೆಂದು ಅನ್ನ ಸೇರದಾಯಿತು. ಆಮೇಲೆ, ನಾನೇನೂ ಮಾಡದಿದ್ದರೂ, ಬಣ್ಣ ನಿಧಾನವಾಗಿ ಮರಳಿತು. ಎರಡನೆಯ ಕನ್ನಡಿಯ ಮಹಿಮೆಯನ್ನು ಅಂಗಡಿಯಲ್ಲಿ ಎಲ್ಲರಿಗೂ ಬಣ್ಣಿಸಿದೆ.

ಒಂದು ದಿನ ಬೇಗ ಊಟಕ್ಕೆ ಬಂದೆ. ನಡುಮನೆಯಲ್ಲಿ ಅವ್ವ ಬಟ್ಟೆ ಒಣಹಾಕುವ ಗಳದಿಂದ ಎರಡೂ ಕನ್ನಡಿ ತಿವಿದು, ಬಿಸಿಲನ್ನು ಮೊಣಕಾಲಿನ ಮೇಲೆ ಬೀಳಿಸಿಕೊಳ್ಳುತ್ತಿದ್ದಳು. ನುರಿತ ಕೈ, ಎಷ್ಟು ದಿನದ ಅಭ್ಯಾಸವೋ. ನಾನು ಸದ್ದಿಲ್ಲದೆ ಅಂಗಡಿಗೆ ಮರಳಿದೆ.

ಮನೆ ಸಿಕ್ಕಿತೆಂದು ಸಾಹೇಬರು ಹವಳ ಒಯ್ಯಲು ಬಂದರು. ಬಿಸಿಲು ಅತಿಯಾದರೂ ಇದು ಬೆಳ್ಳಗಾಗಿ ಸಾಯುತ್ತದೆ, ನೀವು ತೂಕ ಮಾಡಿದಂತೆ ಕೊಟ್ಟಿದ್ದೀರಿ ಎಂದು ಬೆನ್ನು ತಟ್ಟಿದರು. ನಾನು ಮೀಸೆಗೆ ಕೈ ಒಯ್ದೆ. ದಿನಕ್ಕೆ ಎಷ್ಟು ಬಿಸಿಲು ಕೊಟ್ಟಿರಿ ಎಂದು ಕೇಳಿದರು.

ಜೋಳದ ಮೊರದಿಂದ ತಲೆ ಎತ್ತದೆ ಅವ್ವ ಅಂದಳು: “ನನ್ನ ಮೊಣಕಾಲಿಗೆ ಸಾಕಾಗಿ ಉಳದಷ್ಟ್ರೀ.”

ಮೀಸೆಗೆ ಹೋದ ಕೈಯಿಂದ ಮೂಗು ತುರಿಸಿಕೊಂಡೆ.

ಹವಳ ರಾಮದುರ್ಗಕ್ಕೆ ಹೋಯಿತು. ಎರಡೂ ಕನ್ನಡಿಗಳ ಬಿಸಿಲು ಪೂರ್ತಿ ಅವ್ವನದೇ ಆಯಿತು. ಆಕೆ ಮಾತ್ರ ಬಿಸಿಲು ಚುರುಚುರು ಅನ್ನುತ್ತದೆಂದು ನೆರಳಿಗೆ ಸರಿದು ಕೂಡತೊಡಗಿದಳು. ಪಾಲು ಕೇಳುವವರಿಲ್ಲದ ಬಿಸಿಲಿಗೆ ರುಚಿ ಇರುವುದಿಲ್ಲವೋ ಏನೋ. ಕೆಲವು ದಿನ ಕಳೆದ ಮೇಲೆ ಸುಮ್ಮನೆ ಕೇಳಿದಂತೆ ಕೇಳಿದಳು, ಆ ಸಾಹೇಬರಿಗೆ ಮತ್ತೆ ಯಾವಾಗ ವರ್ಗ ಆಗುತ್ತದೆ ಎಂದು.